ವೈಕುಂಠದ ಪಿನ್ ಕೋಡ್

ಏನು ಕೆಲಸದಲ್ಲಿದ್ರಿ ಅಂತ ಯಾರಾದರೂ ಕೇಳಿದರೆ "ಇನ್ಷೂರೆನ್ಸ್‌ನಲ್ಲಿದ್ದೆ" ಅನ್ನುತ್ತೇನೆ. ನಮ್ಮ ಮನೆಯವಳು ಪಕ್ಕದಲ್ಲಿದ್ದರೆ ತಿದ್ದುತ್ತಾಳೆ. "ಜನ ಕೊಟ್ಟ ಕಾಗದಾನ ಜನಕ್ಕೇ ವಾಪಸ್ ಕಳಿಸ್ತಿದ್ರು." ಎರಡರಲ್ಲಿ ಅವಳ ಉತ್ತರವೇ ನಿಜಕ್ಕೆ ಹತ್ತಿರ.

1981ರಲ್ಲಿ ಹೊಳೆನರಸೀಪುರದಿಂದ ಒಂದು ತಗಡಿನ ಟ್ರಂಕು ಹೊತ್ತು ಮದರಾಸಿಗೆ ಬಂದು, ಒಂದು ಸರ್ಕಾರಿ ವಿಮಾ ಕಂಪನಿಯ ಕ್ಲೇಮ್ ವಿಭಾಗ ಸೇರಿದೆ. ಮೊದಮೊದಲು ಲಾರಿ ಅಪಘಾತ, ಗೋಡೌನಿಗೆ ಬೆಂಕಿ ಇಂಥವು. 1986ರಲ್ಲಿ ಮೆಡಿಕ್ಲೇಮ್ ಪಾಲಿಸಿ ಬಂದ ಮೇಲೆ ಊರಿನವರ ಪಿತ್ತಕೋಶ, ಹರ್ನಿಯಾ, ಮೂಲವ್ಯಾಧಿ ಎಲ್ಲ ಫೈಲಿನ ರೂಪ ತಾಳಿ ನನ್ನ ಮೇಜಿಗೆ ಬರತೊಡಗಿದವು. ಯಾಕೆ ವಾಪಸು ಎಂದು ಪ್ರತಿಯೊಬ್ಬರಿಗೂ ಕೈಯಲ್ಲಿ ಬರೆದು ಬರೆದು ಬೆರಳು ಬಾತುಕೊಳ್ಳುತ್ತಿತ್ತು. ಒಂದು ಭಾನುವಾರ ಕೂತು 17 ಕಾರಣಗಳ ಒಂದು ಚೀಟಿ ತಯಾರಿಸಿದೆ. ಡಿಸ್ಚಾರ್ಜ್ ಸಮ್ಮರಿಯ ಮೂಲಪ್ರತಿ ಇಲ್ಲ, ಬಿಲ್ಲಿಗೆ ಡಾಕ್ಟರ ಸಹಿ ಇಲ್ಲ, ಸಹಿ ಇದೆ ಸೀಲಿಲ್ಲ, ಸೀಲಿದೆ ನೋಂದಣಿ ಸಂಖ್ಯೆ ಇಲ್ಲ, ಹೆಸರಿನ ಸ್ಪೆಲ್ಲಿಂಗ್ ತಾಳೆಯಾಗುವುದಿಲ್ಲ. ಹೀಗೆ ಹದಿನಾರು. ಹದಿನೇಳನೆಯದು 'ಇತರೆ'. ಸುಮ್ಮನೆ ಟಿಕ್ ಹಾಕಿದರೆ ಆಯಿತು. ಮೇಲಿನ ಹದಿನಾರಕ್ಕೂ ಸಿಗದೆ ಜಾರಿಕೊಳ್ಳುತ್ತಿದ್ದ ಪಾಲಿಸಿದಾರ ಇಲ್ಲಿ ಸಿಕ್ಕಿಬೀಳುತ್ತಿದ್ದ. ನಮ್ಮ ಸಾಹೇಬರು ಚೀಟಿ ನೋಡಿ ಬೆನ್ನು ತಟ್ಟಿದರು. ನನ್ನ ಸೇವಾವಧಿಯಲ್ಲಿ ಬೆನ್ನು ತಟ್ಟಿಸಿಕೊಂಡ ಸಂದರ್ಭ ಅದೊಂದೇ ಆದ್ದರಿಂದ ನೆನಪು ಗಟ್ಟಿಯಾಗಿದೆ.

ಇಷ್ಟು ಪೀಠಿಕೆ ಯಾಕೆಂದರೆ, ಈಗ ಸುಮಾರು ಒಂದು ವರ್ಷದಿಂದ ನಾನು ಕೌಂಟರಿನ ಆಚೆ ಕಡೆ ನಿಂತಿದ್ದೇನೆ.

ನಮ್ಮ ಮಗ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿದ್ದಾನೆ. ಒಂದು ರಾತ್ರಿ ವಿಡಿಯೋ ಕಾಲಿನಲ್ಲಿ ಬಂದವನೇ, "ಅಪ್ಪ, ಇಲ್ಲಿ ಹೊಸ ಕಾನೂನು ಬಂದಿದೆ. 2024ರ ಮಾರ್ಚ್ ಒಂದನೇ ತಾರೀಖಿನಿಂದ ಈಚೆಗೆ ಮೊದಲನೇ ಸಲ ಬ್ಲೂ ಕಾರ್ಡ್ ಅನ್ನೋ ಕೆಲಸದ ಪರ್ಮಿಟ್ ಸಿಕ್ಕಿರೋರು ಅಪ್ಪ ಅಮ್ಮನ್ನ ಇಲ್ಲೇ ಇರೋಕೆ ಕರೆಸ್ಕೋಬಹುದು. ನನಗೆ ಸಿಕ್ಕಿದ್ದು ಜುಲೈನಲ್ಲಿ" ಅಂದ. ಅವನ ಜೊತೆ ಕೆಲಸ ಮಾಡುವ ಇನ್ನೊಬ್ಬ ಹುಡುಗನಿಗೆ ಅದೇ ಕಾರ್ಡು ಫೆಬ್ರವರಿಯಲ್ಲಿ ಸಿಕ್ಕಿತ್ತಂತೆ. ಅವನ ಅಪ್ಪ ಅಮ್ಮನಿಗೆ ಈ ಭಾಗ್ಯವಿಲ್ಲ. ಬರೀ ಹದಿನೈದು ದಿನದಲ್ಲಿ ಮುಹೂರ್ತ ತಪ್ಪಿತು.

ಇವಳು ಅವತ್ತೇ ಮೆಂತ್ಯದ ಹಿಟ್ಟು, ಸಾರಿನ ಪುಡಿ ಎಷ್ಟು ಕಿಲೋ ಬೇಕಾದೀತು ಎಂದು ಲೆಕ್ಕ ಶುರು ಮಾಡಿದಳು. ನಾನು ಮಾತ್ರ ಗಂಭೀರವಾಗಿ ಕನ್ನಡಕ ಏರಿಸಿ, "ದಾಖಲೆ ಏನೇನು ಬೇಕು, ಪಟ್ಟಿ ಕಳಿಸು" ಅಂದೆ. ದಾಖಲೆ ವಿಷಯದಲ್ಲಿ ನನ್ನ ಮುಂದೆ ಯಾರು! ಮೂವತ್ತಾರು ವರ್ಷ ಅದನ್ನೇ ಉಂಡು ಅದನ್ನೇ ಉಟ್ಟವನು. ಒಂದು ತಿಂಗಳಲ್ಲಿ ಮುಗಿಸುತ್ತೇನೆ ಎಂದು ಮಗನಿಗೆ ಮಾತು ಕೊಟ್ಟೆ. ಯಾವ ವರ್ಷದ ಯಾವ ತಿಂಗಳು ಅಂತ ಹೇಳಿರಲಿಲ್ಲ, ಅಷ್ಟು ಎಚ್ಚರಿಕೆ ನನ್ನ ವೃತ್ತಿಯಿಂದ ಬಂದದ್ದು.

ಮೊದಲ ಗಂಟು ವಿಮೆಯದೇ. ಅಲ್ಲಿ ನೆಲೆಸಬೇಕಾದರೆ ಅಲ್ಲಿಯ ಸರ್ಕಾರದಿಂದ ಒಂದು ಕಾಸು ಕೇಳಬಾರದು, ಖರ್ಚೆಲ್ಲ ಮಗನದು, ಮತ್ತು ಪೂರ್ಣ ಪ್ರಮಾಣದ ಆರೋಗ್ಯ ವಿಮೆ ಇರಲೇಬೇಕು. ಎರಡು ವರ್ಷದ ಹಿಂದೆ ಅವನು ಓದುತ್ತಿದ್ದಾಗ ನೋಡಲು ಹೋಗಿದ್ದೆವು. ಆಗ 30,000 ಯೂರೋ ಮೊತ್ತದ ಪ್ರವಾಸ ವಿಮೆ ಇದ್ದರೆ ಸಾಕಾಗಿತ್ತು, 90 ದಿನ ಇದ್ದು ಬಂದೆವು. ನೆಂಟರಿಗೆ ಆ ವಿಮೆ, ಮನೆಯವರಿಗೆ ಬೇರೆ.

"ನಿನ್ನ ವಿಮೆಯಲ್ಲೇ ನಮ್ಮನ್ನೂ ಸೇರಿಸಿಬಿಡು" ಅಂದಳು ಇವಳು.

"ಅಮ್ಮ, ಇಲ್ಲಿ ಸರ್ಕಾರಿ ವಿಮೆಯಲ್ಲಿ ಹೆಂಡತಿ ಮಕ್ಕಳು ಸೇರ್ತಾರೆ. ಅಪ್ಪ ಅಮ್ಮ ಸೇರಲ್ಲ."

ಒಂದು ನಿಮಿಷ ಆ ಕಡೆಯಿಂದಲೂ ಈ ಕಡೆಯಿಂದಲೂ ಸದ್ದಿಲ್ಲ. ನೆಟ್‌ವರ್ಕ್ ಹೋಯಿತೇನೋ ಅಂದುಕೊಂಡೆ. ಆಮೇಲೆ ಇವಳು ಬಹಳ ಮೆಲ್ಲಗೆ, "ಹೆಂಡತೀನ ಸೇರಿಸಿದೀಯ ತಾನೆ? ಒಳ್ಳೇದು" ಅಂದಳು. ಆ 'ಒಳ್ಳೇದು' ಸ್ಟುಟ್‌ಗಾರ್ಟ್ ತಲುಪುವ ಹೊತ್ತಿಗೆ ಅಲ್ಲಿ ತಾಪಮಾನ ಎರಡು ಡಿಗ್ರಿ ಇಳಿದಿರಬೇಕು.

ನಾನು ಹಳೇ ವಿಮೆಯವನಾದ್ದರಿಂದ ಜರ್ಮನಿಯ ಬಗ್ಗೆ ಒಳಗೊಳಗೇ ಗೌರವ ಇಟ್ಟುಕೊಂಡವನು. ಕೆಲಸಗಾರರಿಗೆ ಕಡ್ಡಾಯ ಆರೋಗ್ಯ ವಿಮೆ ಎಂಬುದನ್ನು ದೇಶಕ್ಕೇ ಕಾನೂನಾಗಿ ತಂದದ್ದು ಅಲ್ಲಿಯ ಬಿಸ್ಮಾರ್ಕ್, 1883ರಲ್ಲಿ. ನಮ್ಮ ಇಲಾಖಾ ಪರೀಕ್ಷೆಗೆ ಓದಿದ್ದೆ. ಆ ಮಹಾನುಭಾವನ ನಾಡಿನಲ್ಲಿ ಆರೋಗ್ಯ ವಿಮೆಗೆ 'ಕ್ರಾಂಕೆನ್‌ಫರ್ಸಿಷರುಂಗ್' ಅನ್ನುತ್ತಾರೆ. 'ಕ್ರಾಂಕ್' ಎಂದರೆ ಕಾಯಿಲೆ. ನಾವು ಅದಕ್ಕೆ ಆರೋಗ್ಯ ವಿಮೆ ಎಂದು ಮಂಗಳಕರವಾದ ಹೆಸರಿಟ್ಟುಕೊಂಡಿದ್ದೇವೆ, ಅವರು ಇದ್ದದ್ದನ್ನು ಇದ್ದ ಹಾಗೆ ಕಾಯಿಲೆ ವಿಮೆ ಎನ್ನುತ್ತಾರೆ. ಆದರೆ 55 ದಾಟಿ ಹೊರಗಿನಿಂದ ಬಂದವರಿಗೆ ಸರ್ಕಾರಿ ವಿಮೆಯ ಬಾಗಿಲು ಹೆಚ್ಚುಕಡಿಮೆ ಮುಚ್ಚಿದ ಹಾಗೇ. ಉಳಿದದ್ದು ಖಾಸಗಿ ಕಂಪನಿ. ಅಲ್ಲಿ 'ಮೂಲ ದರ' ಎಂಬ ಒಂದು ಯೋಜನೆಯುಂಟು, ಅದರ ಕಂತಿಗೆ ಸರ್ಕಾರವೇ ಮೇಲಿನ ಮಿತಿ ಕಟ್ಟಿದೆ. 2025ರಲ್ಲಿ ಆ ಮಿತಿ ತಿಂಗಳಿಗೆ ಒಬ್ಬರಿಗೆ 942 ಯೂರೋ ಚಿಲ್ಲರೆ.

ಚಿಲ್ಲರೆಯನ್ನು ಬಿಟ್ಟು ಗುಣಿಸಿದೆ. ನಮ್ಮ ರೂಪಾಯಿಯಲ್ಲಿ ತಲೆಗೆ ಲಕ್ಷದ ಹತ್ತಿರ. ಎರಡು ತಲೆ. ಪ್ರತಿ ತಿಂಗಳು. ಅದೇ ವಾರ ತಾನೆ, ಸೆಪ್ಟೆಂಬರ್ 22ರಿಂದ ನಮ್ಮಲ್ಲಿ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ ಶೇಕಡ 18 ಜಿಎಸ್‌ಟಿ ತೆಗೆದರು ಅಂತ ನಾನು ಖುಷಿಯಾಗಿ ಇವಳಿಗೆ ಮೈಸೂರು ಪಾಕು ತಂದುಕೊಟ್ಟಿದ್ದೆ. ಡಬ್ಬಿಯಲ್ಲಿ ಉಳಿದಿದ್ದ ಎರಡು ತುಂಡನ್ನು ಅವಳು ತೆಗೆದು ಒಳಗಿಟ್ಟಳು.

"ಅಷ್ಟು ದುಡ್ಡು ಕೊಟ್ಟ ಮೇಲೆ ಕಾಯಿಲೆ ಬೀಳದೆ ಇದ್ರೆ ನಷ್ಟ ಅಲ್ವೇನ್ರೀ?" ಇದು ಮೂವತ್ತಾರು ವರ್ಷ ಪಾಲಿಸಿದಾರರು ನನ್ನನ್ನು ಕೇಳಿದ ಪ್ರಶ್ನೆ. ಆಗಲೂ ಉತ್ತರ ಗೊತ್ತಿರಲಿಲ್ಲ.

ಮಗ ಅದಕ್ಕಿಂತ ಅಗ್ಗದ್ದು ಸಿಗುತ್ತದೇನೋ ಎಂದು ಒಬ್ಬ ದಲ್ಲಾಳಿಯನ್ನು ಹಿಡಿದ. ಆತ ಒಂದು ಪ್ರಶ್ನಾವಳಿ ಕಳಿಸಿದ. ಹಿಂದಿನ ಹತ್ತು ವರ್ಷದಲ್ಲಿ ಆಸ್ಪತ್ರೆ ಸೇರಿದ್ದೀರಾ, ಏನೇನು ಚಿಕಿತ್ಸೆ, ಯಾವ ಯಾವ ಮಾತ್ರೆ, ಎಷ್ಟೆಷ್ಟು ಮಿಲಿಗ್ರಾಂ. ಊಟದ ಮೇಜಿನ ಮೇಲೆ ಹಾಳೆ ಹರಡಿ ಕೂತೆವು. ಇಂಥ ಹಾಳೆಯಲ್ಲಿ ಯಾರು ಏನು ಮುಚ್ಚಿಟ್ಟಿದ್ದಾರೆ ಅಂತ ವಾಸನೆ ಹಿಡಿಯುವುದರಲ್ಲಿ ನಾನು ಹೆಸರುವಾಸಿ. "ಮಾಹಿತಿ ಮರೆಮಾಚಿರುತ್ತೀರಿ" ಎಂದು ಎಷ್ಟು ಜನಕ್ಕೆ ಬರೆದಿದ್ದೇನೋ. ಈಗ ಪೆನ್ನು ಹಿಡಿದಾಗ ಮರೆಮಾಚುವುದರಲ್ಲಿರುವ ಸುಖ ಮೊದಲ ಸಲ ತಿಳಿಯಿತು.

"ಸಕ್ಕರೆ ಕಾಯಿಲೆ" ಎಂಬ ಕಡೆ ನಾನು ಸ್ವಲ್ಪ ತಡೆದೆ. ಅದೇನು ಕಾಯಿಲೆಯಾ? ಚೆನ್ನೈನ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್‌ನವರೂ ಐಸಿಎಂಆರ್‌ನವರೂ ಸೇರಿ ದೇಶವನ್ನೆಲ್ಲ ಜಾಲಾಡಿ 2023ರಲ್ಲಿ ಲೆಕ್ಕ ಕೊಟ್ಟರಲ್ಲ, ದೇಶದಲ್ಲಿ 10.1 ಕೋಟಿ ಮಂದಿಗೆ ಇದೆ ಅಂತ. ಅಷ್ಟು ಜನಕ್ಕಿರುವುದನ್ನು ಕಾಯಿಲೆ ಅನ್ನುವುದಕ್ಕಿಂತ ಲೋಕರೂಢಿ ಅನ್ನಬಹುದು. ಈ ವಾದವನ್ನು ಇವಳ ಮುಂದೆ ಮಂಡಿಸಿದೆ.

"ಬರೀರಿ ಸುಮ್ಮನೆ. ಸಕ್ಕರೆ, ಬಿಪಿ, ಗೊರಕೆ."

"ಗೊರಕೆ ಕೇಳಿಲ್ಲ ಕಣೇ."

"ಕೇಳಬೇಕಾಗಿತ್ತು. 'ಇತರೆ' ಅಂತ ಇರುತ್ತೆ ನೋಡಿ ಕೊನೇಲಿ."

ಇತ್ತು! ಅಲ್ಲಿಯೂ ಇತ್ತು. ಜರ್ಮನಿಯಲ್ಲೂ ನನ್ನಂಥವನೊಬ್ಬ ಯಾವುದೋ ಭಾನುವಾರ ಕೂತಿದ್ದಾನೆ. ಅವಳು ಮಾತ್ರ ತನ್ನ ಕಾಲಂನಲ್ಲಿ ಮಂಡಿನೋವು, ಥೈರಾಯ್ಡ್, 2011ರ ಚಿಕೂನ್‌ಗುನ್ಯಾ, ದ್ವಾದಶಿ ದಿನ ಬರುವ ತಲೆಸುತ್ತು, ಎಲ್ಲವನ್ನೂ ಒಂದು ಬಗೆಯ ಹೆಮ್ಮೆಯಿಂದ ಬರೆಸಿದಳು. ಮುಚ್ಚಿಟ್ಟರೆ ಕ್ಲೇಮ್ ಸಿಗಲ್ಲ ಅಂತ ನೀವೇ ತಾನೆ ನಲವತ್ತು ವರ್ಷದಿಂದ ಹೇಳ್ತಿರೋದು, ಎಂದಳು. ಮದ್ಯಪಾನ ಎಷ್ಟು ಎಂಬ ಕಡೆ "ಕಾಫಿ, ದಿನಕ್ಕೆ ನಾಲ್ಕು" ಎಂದು ಸೇರಿಸಿದ್ದೂ ಅವಳೇ.

ದಲ್ಲಾಳಿಯ ಉತ್ತರ ಮೂರೇ ಸಾಲು. ಅಲ್ಲಿ ವಾಸದ ಪರವಾನಗಿ ಖಚಿತವಾದರೆ ವಿಮೆ ಕೊಡುವ ವಿಚಾರ ಯೋಚಿಸಬಹುದು. ಪರವಾನಗಿ ಕೊಡುವವರ ಪಟ್ಟಿಯಲ್ಲಿ ಏನಿದೆ? ವಿಮೆ ಇದ್ದರೆ ಪರವಾನಗಿ. ಹುಚ್ಚು ಬಿಡದೆ ಮದುವೆಯಾಗೋಲ್ಲ, ಮದುವೆಯಾಗದೆ ಹುಚ್ಚು ಬಿಡೋಲ್ಲ.

ಮದುವೆ ಅಂದೆನಲ್ಲ, ಎರಡನೆಯ ಗಂಟು ಅದೇ.

ಪಟ್ಟಿಯಲ್ಲಿ 'ವಿವಾಹ ನೋಂದಣಿ ಪತ್ರ' ಎಂದಿತ್ತು. ನಮ್ಮ ಮದುವೆ 1985ರ ಮೇ ತಿಂಗಳಲ್ಲಿ ಇದೇ ಊರಿನ ಟಿ. ನಗರದ ಒಂದು ಕಲ್ಯಾಣ ಮಂಟಪದಲ್ಲಿ ನಡೆಯಿತು. ಇವಳ ತಂದೆ ಮದರಾಸಿನ ಹಳೇ ಕನ್ನಡಿಗರು. ಎಗ್ಮೋರ್ ಸ್ಟೇಷನ್ನಿಗೂ ಕರ್ನಾಟಕ ಸಂಘಕ್ಕೂ ಉಡುಪಿ ಹೋಟೆಲುಗಳಿಗೂ ಕಣ್ಣುಮುಚ್ಚಿ ದಾರಿ ತೋರುತ್ತಿದ್ದವರು. ಮುನ್ನೂರು ಜನ ಊಟ ಮಾಡಿದರು, ನಾದಸ್ವರದವನು ಸಿನಿಮಾ ಹಾಡು ಬಾರಿಸಿ ನಮ್ಮ ಸೋದರಮಾವನ ಹತ್ತಿರ ಬೈಸಿಕೊಂಡ. ಇಷ್ಟೆಲ್ಲ ಆದಮೇಲೆ ಸರ್ಕಾರಕ್ಕೂ ಒಂದು ಮಾತು ಹೇಳಬೇಕು ಅಂತ ಆಗ ಯಾರಿಗೂ ಹೊಳೆಯಲಿಲ್ಲ. ಮದುವೆ ನೋಂದಣಿ ಕಡ್ಡಾಯವಾಗಲಿ ಎಂದು ಸುಪ್ರೀಂ ಕೋರ್ಟು ಹೇಳಿದ್ದೇ 2006ರಲ್ಲಿ. ತಮಿಳುನಾಡು ಕಾನೂನು ಮಾಡಿದ್ದು 2009ರಲ್ಲಿ. ಹಾಗಾಗಿ ನಲವತ್ತು ವರ್ಷದ ಸಂಸಾರಕ್ಕೆ ನಮ್ಮಲ್ಲಿದ್ದ ಪುರಾವೆ ಒಂದು ಲಗ್ನಪತ್ರಿಕೆ, ಒಂದು ಆಲ್ಬಂ ಮತ್ತು ಒಬ್ಬ ಮಗ.

ಆಲ್ಬಂ 2015ರ ಡಿಸೆಂಬರಿನ ನೆರೆಯಲ್ಲಿ ಹೋಯಿತು. ಅಡ್ಯಾರ್ ಹೊಳೆ ಉಕ್ಕಿ ನಮ್ಮ ಪಶ್ಚಿಮ ಮಾಂಬಳದ ಮನೆಯೊಳಕ್ಕೆ ಮೊಣಕಾಲುದ್ದ ನೀರು ಬಂದಾಗ ನಾನು ಎತ್ತಿ ಅಟ್ಟಕ್ಕಿಟ್ಟದ್ದು ನನ್ನ ಹಳೇ ಕಚೇರಿಯ ಸುತ್ತೋಲೆಗಳ ಕಟ್ಟನ್ನು. ಅದನ್ನು ಯಾಕೆ ಮನೆಯಲ್ಲಿಟ್ಟಿದ್ದೆ ಎಂದು ಕೇಳಬೇಡಿ. ಲಗ್ನಪತ್ರಿಕೆ ಉಳಿದದ್ದು ಇವಳು ಅದನ್ನು ಉಪ್ಪಿನಕಾಯಿ ಜಾಡಿಗಳ ಪಕ್ಕದ ಸ್ಟೀಲ್ ಡಬ್ಬಿಯಲ್ಲಿಟ್ಟಿದ್ದರಿಂದ. ಒಂದು ಮೂಲೆಯಲ್ಲಿ ಅರಿಸಿನ ಹಚ್ಚಿದ್ದರು. ಇನ್ನೊಂದು ಮೂಲೆಯಲ್ಲಿರುವುದು ಮಾವಿನಕಾಯಿ ಎಣ್ಣೆ.

ಪತ್ರಿಕೆ ಕನ್ನಡದಲ್ಲಿತ್ತು. ಸಬ್ ರಿಜಿಸ್ಟ್ರಾರ್ ಕಚೇರಿಯವರು ನ್ಯಾಯವಾಗಿಯೇ ಇಂಗ್ಲಿಷ್ ಅನುವಾದ ತನ್ನಿ ಅಂದರು. ಹೈಕೋರ್ಟಿನ ಎದುರು ತಂಬು ಚೆಟ್ಟಿ ಬೀದಿಯಲ್ಲಿ ಹೆಜ್ಜೆಗೊಬ್ಬ ನೋಟರಿ, ಎರಡು ಹೆಜ್ಜೆಗೊಬ್ಬ ಟೈಪಿಸ್ಟ್. ಕನ್ನಡ ಬಲ್ಲವರು ಬೇಕು ಎಂದು ಕೇಳುತ್ತಾ ಹೋದೆ. ಒಬ್ಬ ವಯಸ್ಸಾದವರು, "ಕೊಡಿ ಸಾರ್, ಕನ್ನಡ, ತೆಲುಗು ಎರಡೂ ಒಂದೇ ಲಿಪಿ ಅಲ್ಲವಾ" ಎಂದು ತೆಲುಗಿನಲ್ಲಿ ಹೇಳಿ ಪತ್ರಿಕೆಯನ್ನು ಕಿತ್ತುಕೊಂಡರು. ಸಂಜೆಗೆ ಅನುವಾದ ತಯಾರು, ಸೀಲು ಸಹಿತ. ನಾನು ಓದದೆ ತಂದೆ. ಓದದೆ ಸಹಿ ಹಾಕಬೇಡಿ ಎಂದು ಊರಿಗೆಲ್ಲ ಉಪದೇಶ ಮಾಡಿದವನು ನಾನು.

ಪತ್ರಿಕೆಯಲ್ಲಿ ನನ್ನ ಹೆಸರಿನ ಹಿಂದೆ 'ಚಿ|| ರಾ||' ಎಂದಿತ್ತು. ಅವರು ಅದನ್ನು ಇನಿಷಿಯಲ್ ಮಾಡಿ 'ಸಿ. ಆರ್. ಮೂರ್ತಿ' ಎಂದು ಬರೆದಿದ್ದರು. ಇವಳು 'ಚಿ|| ಸೌ||' ಆಗಿದ್ದವಳು 'ಸಿ. ಎಸ್. ಲಲಿತ' ಆದಳು. ಮದುವೆ ನಡೆದದ್ದು ಕ್ರೋಧನ ಸಂವತ್ಸರ, ವೈಶಾಖ ಮಾಸ. ಅದು 'ಕೋಪದ ವರ್ಷ' ಎಂದಾಗಿತ್ತು. ಇದೊಂದನ್ನು ಮಾತ್ರ ತಿದ್ದಬೇಡಿ ಎಂದಳು ಇವಳು. ಎಲ್ಲಕ್ಕಿಂತ ಮೇಲೆ ನಮ್ಮ ತಂದೆ. ಅವರು ನನ್ನ ಮದುವೆಗೆ ಎರಡು ವರ್ಷ ಮೊದಲೇ ತೀರಿಕೊಂಡಿದ್ದರು, ಅದಕ್ಕೆ ದೊಡ್ಡಪ್ಪ ಪತ್ರಿಕೆಯಲ್ಲಿ 'ವೈಕುಂಠವಾಸಿ' ಎಂದು ಹಾಕಿಸಿದ್ದರು. ಅನುವಾದಕರು ಬಹಳ ಶ್ರದ್ಧೆಯಿಂದ, 'ವರನ ತಂದೆ, ನಿವಾಸಿ: ವೈಕುಂಠ' ಎಂದು ಬರೆದು ಕೆಳಗೆ ಪ್ರಮಾಣ ಮಾಡಿದ್ದರು.

ಕಚೇರಿಯ ಹುಡುಗ ಅದನ್ನು ಕಂಪ್ಯೂಟರಿಗೆ ಏರಿಸುತ್ತಾ ತಲೆ ಎತ್ತಿ, "ಸಾರ್, ಅಪ್ಪಾ ಅಡ್ರೆಸ್ ಫುಲ್ಲಾ ಇಲ್ಲೆ. ವೈಕುಂಠಂ ಪಿನ್ ಕೋಡ್ ಎನ್ನ?" ಅಂದ.

ಇವಳು ನಕ್ಕಳು. ಎಷ್ಟು ನಕ್ಕಳು ಅಂದರೆ ಪಕ್ಕದ ಬೆಂಚಿನಲ್ಲಿದ್ದ ಎಳೇ ಜೋಡಿಯೊಂದು ಬೆಚ್ಚಿ ಎದ್ದು ನಿಂತಿತು. ಆ ಹುಡುಗನ ತಪ್ಪೇನಿಲ್ಲ, ಹಾಳೆಯಲ್ಲಿ ಇದ್ದದ್ದನ್ನೇ ಕೇಳಿದ. ನಾನಾಗಿದ್ದರೆ ಕೇಳುತ್ತಲೂ ಇರಲಿಲ್ಲ, 'ವಿಳಾಸ ಅಪೂರ್ಣ' ಎಂದು ಟಿಕ್ ಹಾಕಿ ಫೈಲನ್ನೇ ಕಳಿಸಿಬಿಡುತ್ತಿದ್ದೆ.

ಎರಡನೆಯ ಸಲ ಹೋದದ್ದು ತಿದ್ದಿಸಿದ ಅನುವಾದ ಮತ್ತು ಸಾಕ್ಷಿಗಳ ಜೊತೆ. ಮದುವೆಗೆ ಬಂದಿದ್ದವರಲ್ಲಿ ಬದುಕಿದ್ದು, ಚೆನ್ನೈನಲ್ಲಿದ್ದು, ಮೆಟ್ಟಿಲು ಹತ್ತಬಲ್ಲವರು ಎಂದು ಸೋಸಿದಾಗ ಉಳಿದದ್ದು ಇವಳ ಸೋದರಮಾವ, 84 ವರ್ಷ, ಮತ್ತು ಅವಳ ಶಾಲೆಯ ಗೆಳತಿ. ಮದುವೆ ನಡೆದ ಮಂಟಪದಿಂದ ಒಂದು ಪತ್ರ ತಂದರೆ ಒಳ್ಳೆಯದು ಎಂದಿದ್ದರು. ಹೋಗಿ ನೋಡಿದರೆ ಮಂಟಪವೇ ಇಲ್ಲ. ಆರು ಮಹಡಿಯ ಜವಳಿ ಅಂಗಡಿ. ಧಾರೆ ಎರೆದ ಜಾಗ ಲೆಕ್ಕದ ಪ್ರಕಾರ ಎಸ್ಕಲೇಟರಿನ ಬುಡದಲ್ಲಿ ಬರುತ್ತದೆ. ಇವಳು ಅಲ್ಲೇ ನಿಂತು ಒಂದು ಕಾಟನ್ ಸೀರೆ ಕೊಂಡಳು. ಬಿಲ್ಲು ಜೋಪಾನವಾಗಿಟ್ಟೆ, ಸ್ಥಳದ ಪುರಾವೆಗೆ ಬೇಕಾದೀತು ಅಂತ.

ನೋಂದಣಿ ದಿನ ಬಾಗಿಲಲ್ಲೇ ಒಬ್ಬ ದಲ್ಲಾಳಿ ಅಡ್ಡ ಬಂದ. "ಪೊಣ್ಣು ಮಾಪ್ಳೆ ಎಂಗೆ ಸಾರ್?" ಹುಡುಗ ಹುಡುಗಿ ಎಲ್ಲಿ ಅಂತ.

"ನಾಂಗದಾನ್" ಅಂದೆ.

ಅವನು ನನ್ನನ್ನೂ ಇವಳನ್ನೂ ಮಾವನ ಊರುಗೋಲನ್ನೂ ನೋಡಿದ. ಸ್ವಲ್ಪ ತಗ್ಗಿದ ದನಿಯಲ್ಲಿ, "ಲವ್ ಮ್ಯಾರೇಜಾ?" ಅಂದ. ಆಮೇಲೆ ಧೈರ್ಯ ಹೇಳುವವನ ಹಾಗೆ, "ಪಯಪ್ಪಡಾದೀಂಗ ಸಾರ್, ಇಂಗೆ ಯಾರುಂ ಒಣ್ಣುಂ ಸೊಲ್ಲ ಮಾಟ್ಟಾಂಗ" ಅಂದ. ಯಾರೂ ಏನೂ ಅನ್ನೋಲ್ಲ, ಹೆದರಬೇಡಿ ಅಂತ. ಮನೆಯವರ ವಿರೋಧ ಕಟ್ಟಿಕೊಂಡು ಬಂದಿದ್ದೇವೆ ಎಂದುಕೊಂಡನೋ ಏನೋ. ಹಾರ ಬೇಕಾ, ಎರಡು ಇನ್ನೂರು, ಎಂದ. ನಾನು ಬೇಡ ಅನ್ನುವಷ್ಟರಲ್ಲಿ ಇವಳು, "ಬಂದದ್ದೇ ಬಂದಿದೀವಿ" ಎಂದು ಒಂದು ಮೊಳ ಮಲ್ಲಿಗೆ ಕೊಂಡು ಮುಡಿದಳು. ಹಾರಕ್ಕೆ ನಾನು ಒಪ್ಪಲಿಲ್ಲ. ಆ ದುಡ್ಡು ಉಳಿಸಿದ್ದಕ್ಕೆ ಇವತ್ತಿಗೂ ಮಾತು ಕೇಳುತ್ತಿದ್ದೇನೆ.

ಅವತ್ತೂ ಒಂದು ಎಳೇ ಜೋಡಿ ಬೆಂಚಿನಲ್ಲಿ ಕೂತಿತ್ತು. ಅವರಿಗೆ ಒಬ್ಬ ಸಾಕ್ಷಿ ಕಮ್ಮಿ. ಬರುತ್ತೇನೆ ಅಂದಿದ್ದ ಗೆಳೆಯ ಫೋನ್ ಆರಿಸಿದ್ದ. ಹುಡುಗಿ ಬಂದು, "ಅಂಕಲ್, ನೀಂಗ ಒರು ಸೈನ್ ಪೋಡುವೀಂಗಳಾ?" ಎಂದು ಕೇಳಿದಳು. ನಾನು ಕನ್ನಡಕ ಹಾಕಿಕೊಂಡು, ನಿಮ್ಮ ವಯಸ್ಸಿನ ದಾಖಲೆ ತೋರಿಸಿ, ವಿಳಾಸದ ದಾಖಲೆ ತೋರಿಸಿ, ಆಧಾರ್ ಮತ್ತು ಟಿಸಿಯಲ್ಲಿ ಇನಿಷಿಯಲ್ ಒಂದೇ ಇದೆಯಾ ನೋಡೋಣ ಎಂದು ಶುರುಮಾಡಿದೆ. ಹುಡುಗಿಯ ಕಣ್ಣಲ್ಲಿ ನೀರು ಬಂತು. ಇವಳು ನನ್ನ ಕೈಯಿಂದ ಪೆನ್ನು ಕಸಿದುಕೊಂಡು ಹೋಗಿ ಸಹಿ ಹಾಕಿ ಬಂದಳು. ಹಾಕಿದ್ದು ಕನ್ನಡದಲ್ಲಿ, ಬರೀ 'ಲಲಿತ' ಎಂದು. ಅವಳ ಪಾಸ್‌ಪೋರ್ಟಿನ ಸಹಿಗೂ ಇದಕ್ಕೂ ತಾಳೆಯಾಗುವುದಿಲ್ಲ ಎಂದು ಹೇಳಬೇಕೆನಿಸಿತು. ಹೇಳಲಿಲ್ಲ.

ಅಂತೂ ನಾವು ಮದುವೆಯಾದೆವು. ಪ್ರಮಾಣಪತ್ರಕ್ಕೆ ಪ್ಲಾಸ್ಟಿಕ್ ಹೊದಿಕೆ ಹಾಕಿಸಿದೆ. ಲ್ಯಾಮಿನೇಟ್ ಮಾಡಿದ ದಾಖಲೆಯ ಮೇಲೆ ಮುಂದೆ ಯಾವ ಸೀಲೂ ಒತ್ತಲಾಗದು ಎಂದು ಆಮೇಲೆ ತಿಳಿದು, ಇನ್ನೊಂದು ಪ್ರತಿಗೆ ಅರ್ಜಿ ಹಾಕಿದೆ.

ಸೀಲಿನದೂ ಒಂದು ಕತೆಯಿದೆ, ಚಿಕ್ಕದಾಗಿ ಹೇಳುತ್ತೇನೆ, ಯಾಕೆಂದರೆ ಅದರಲ್ಲಿ ದುಡ್ಡು ಹೋಗಿದೆ. ವಿದೇಶಕ್ಕೆ ಕೊಡುವ ದಾಖಲೆಗೆ 'ಅಪೊಸ್ಟೀಲ್' ಎಂಬ ಮುದ್ರೆ ಹಾಕಿಸಬೇಕು ಎಂದು ನನಗೆ ಗೊತ್ತಿತ್ತು. 1961ರ ಹೇಗ್ ಒಪ್ಪಂದ, ಭಾರತ ಸೇರಿದ್ದು 2005ರಲ್ಲಿ. ವಿದೇಶಾಂಗ ಇಲಾಖೆಯ ಶುಲ್ಕ ದಾಖಲೆಗೆ 50 ರೂಪಾಯಿ. ನಾನು ಹಿಡಿದ ಏಜೆಂಟನ ಶುಲ್ಕ ಅದಕ್ಕೆ ಎರಡು ಸೊನ್ನೆ ಸೇರಿಸಿದಷ್ಟು. ಎಲ್ಲದಕ್ಕೂ ಮುದ್ರೆ ಬಿದ್ದು, ಹಾಳೆಗಳ ಬೆನ್ನು ಮೈಸೂರು ದಸರಾ ಆನೆಯ ಹಾಗೆ ಅಲಂಕಾರಗೊಂಡು ಮನೆಗೆ ಬಂದ ಮೇಲೆ ಮಗ ಹೇಳಿದ. ಭಾರತ ಆ ಒಪ್ಪಂದಕ್ಕೆ ಸೇರುವಾಗ ಜರ್ಮನಿ ಆಕ್ಷೇಪ ಎತ್ತಿತ್ತು. ಆದ್ದರಿಂದ ನಮ್ಮ ಅಪೊಸ್ಟೀಲ್ ಫ್ರಾನ್ಸಿಗೆ ನಡೆಯುತ್ತದೆ, ಸ್ಪೇನಿಗೆ ನಡೆಯುತ್ತದೆ, ಜರ್ಮನಿಗೆ ನಡೆಯುವುದಿಲ್ಲ. ಅಗತ್ಯ ಬಿದ್ದರೆ ಅವರೇ ಇಲ್ಲಿ ಜನರನ್ನಿಟ್ಟು ದಾಖಲೆಯ ಬೆನ್ನುಹತ್ತಿ ಪರಿಶೀಲಿಸುತ್ತಾರೆ.

"ಹಾಗಾದ್ರೆ ಸ್ಪೇನಿಗೇ ಹೋಗೋಣ" ಅಂದಳು ಇವಳು. "ಕಾಗದ ಹೇಗೂ ರೆಡಿ ಇದೆ."

ಪರಿಶೀಲನೆ ಅಂದ ಕೂಡಲೇ ನನಗೆ ಬೆವರಿಳಿಯಿತು. ಯಾಕೆಂದರೆ ನನ್ನ ಹುಟ್ಟಿದ ತಾರೀಖು. ಅಮ್ಮನ ಪ್ರಕಾರ ನಾನು ಹುಟ್ಟಿದ್ದು ಗೌರಿ ಹಬ್ಬದ ಹಿಂದಿನ ದಿನ, ಹೇಮಾವತಿ ತುಂಬಿ ಬಂದು ಸೂಲಗಿತ್ತಿ ಆಚೆ ದಡದಲ್ಲಿ ಉಳಿದಿದ್ದಾಗ. ಶಾಲೆಯ ದಾಖಲೆಯ ಪ್ರಕಾರ 1957ರ ಜೂನ್ 1. ಜೂನ್ ಒಂದಕ್ಕೆ ಶಾಲೆ ತೆರೆಯುತ್ತಿತ್ತು. ನಮ್ಮ ಹೆಡ್‌ಮಾಸ್ತರು ಅವತ್ತು ತಂದು ಬಿಟ್ಟ ಮಕ್ಕಳನ್ನೆಲ್ಲ ಅವತ್ತೇ ಹುಟ್ಟಿಸಿದರು. ನಮ್ಮ ತರಗತಿಯಲ್ಲಿ ಇಪ್ಪತ್ತೆರಡು ಮಂದಿ ಒಂದೇ ದಿನ ಹುಟ್ಟಿದವರಿದ್ದೆವು. ಒಂದನೇ ತಾರೀಖು ಹುಟ್ಟಿದವನು ಹಿಂದಿನ ತಿಂಗಳ ಕೊನೆಗೇ ನಿವೃತ್ತನಾಗಬೇಕೆಂಬ ನಿಯಮವೊಂದಿದೆ. ಆ ಮೇಷ್ಟ್ರು ಸುಣ್ಣದ ಕೈಯಲ್ಲಿ ಬರೆದ ಒಂದು ಸಾಲಿನಿಂದ ನನಗೆ ಮೂರು ತಿಂಗಳ ಸಂಬಳ ಖೋತಾ.

ಇನ್ನು ಹೆಸರು. ಪಾಸ್‌ಪೋರ್ಟಿನವರು ಇನಿಷಿಯಲ್ ಒಪ್ಪುವುದಿಲ್ಲ, ಬಿಡಿಸಿ ಬರೆಯಬೇಕು. ತಮಿಳರ ಇನಿಷಿಯಲ್ ಬಿಡಿಸಿದರೆ ಅಪ್ಪ ಒಬ್ಬರೇ ಬರುತ್ತಾರೆ. ನಮ್ಮ ಕಡೆಯದು ಬಿಡಿಸಿದರೆ ಊರು ಮೊದಲು, ಅಪ್ಪ ಆಮೇಲೆ, ನಾನು ಕಟ್ಟಕಡೆಗೆ. ಮೂವರೂ ಒಂದೇ ಟಿಕೆಟ್ಟಿನಲ್ಲಿ ವಿಮಾನ ಹತ್ತುತ್ತೇವೆ. ಉಪನಾಮ ಎಂಬ ಕಾಲಂನಲ್ಲಿ ಊರು ಕೂತಿದ್ದರಿಂದ ಜರ್ಮನಿಯ ಆ ದಲ್ಲಾಳಿ ಪ್ರತಿ ಪತ್ರದಲ್ಲೂ 'ಮಾನ್ಯ ಹೊಳೆನರಸೀಪುರ ಅವರೇ' ಎಂದು ಸಂಬೋಧಿಸುತ್ತಾನೆ. ದೇವೇಗೌಡರಿಗೂ ಸಿಗದ ಗೌರವ ಇದು, ಇಡೀ ತಾಲ್ಲೂಕು ನಾನೊಬ್ಬನೇ. ನೆರೆ ಇಳಿದ ಮೇಲೆ ಸರ್ಕಾರದವರು ಶಿಬಿರ ನಡೆಸಿ, ಹಾಳಾದ ದಾಖಲೆಗಳಿಗೆ ಹೊಸ ಪ್ರತಿ ಕೊಟ್ಟರು. ಒಳ್ಳೆಯ ಕೆಲಸ. ಆದರೆ ಒಂದು ಕಾರ್ಡಿನಲ್ಲಿ ನನ್ನ ಊರು ತಮಿಳು ಲಿಪಿಗೆ ಹೋಗಿ ಅಲ್ಲಿಂದ ಇಂಗ್ಲಿಷಿಗೆ ಬರುವಾಗ 'ಪುರ' ಹೋಗಿ 'ಬುರಾ' ಆಗಿತ್ತು. ತಮಿಳಿನಲ್ಲಿ ಪಕಾರ ಬಕಾರ ಎರಡಕ್ಕೂ ಒಂದೇ ಅಕ್ಷರ, ಏನು ಮಾಡುತ್ತಾರೆ ಪಾಪ.

ಇಷ್ಟೂ ಹೆಸರಿನವನು ಒಬ್ಬನೇ ಎಂದು ಒಂದು ಪ್ರಮಾಣಪತ್ರ ಮಾಡಿಸಲು ಮತ್ತೆ ತಂಬು ಚೆಟ್ಟಿ ಬೀದಿ. ನೋಟರಿ ಒಳ್ಳೆಯ ಮನುಷ್ಯ. ಐದು ಹೆಸರನ್ನೂ ಒಂದರ ಕೆಳಗೊಂದು ಟೈಪ್ ಮಾಡಿಸಿ, ನೆರೆಯಲ್ಲಿ ಉಳಿದಿದ್ದ ಒಂದೇ ಒಂದು ಮದುವೆ ಫೋಟೋವನ್ನು ಎತ್ತಿ ಹಿಡಿದು, ಇವಳಿಗೆ ಇಂಗ್ಲಿಷಿನಲ್ಲಿ ಕೇಳಿದರು. "ಮೇಡಂ, ಈ ಫೋಟೋದಲ್ಲಿರುವವರೂ ಇವರೂ ಒಬ್ಬರೇ ತಾನೆ?"

ಫೋಟೋದಲ್ಲಿದ್ದವನಿಗೆ ತಲೆ ತುಂಬ ಗುಂಗುರು ಕೂದಲು, ಸಣ್ಣ ಸೊಂಟ, ಮುಖದಲ್ಲಿ ಏನೋ ಒಂದು ಭರವಸೆ. ಇವಳು ಕನ್ನಡಕ ಸರಿಮಾಡಿಕೊಂಡು ಫೋಟೋ ನೋಡಿದಳು. ನನ್ನನ್ನು ನೋಡಿದಳು. ಮತ್ತೆ ಫೋಟೋ. ಹಿಂದೆ ಐದಾರು ಜನ ಸಾಲಿನಲ್ಲಿದ್ದರು.

"ಹಾಗಂತ ಹೇಳಿದ್ರು" ಅಂದಳು.

ಇಷ್ಟೂ ಆದಮೇಲೆ, ಹೋದ ತಿಂಗಳು ಒಂದು ಒಳ್ಳೆಯ ಸುದ್ದಿ ಬಂತು. ಬೇರೊಬ್ಬ ದಲ್ಲಾಳಿಯ ಮೂಲಕ ಒಂದು ಕಂಪನಿ ನಮ್ಮಿಬ್ಬರಿಗೂ ವಿಮೆ ಕೊಡಲು ತಾತ್ವಿಕವಾಗಿ ಒಪ್ಪಿತು. ಕಂತು ಎಷ್ಟೆಂದು ಮಗ ಹೇಳಲಿಲ್ಲ, ನಾವು ಕೇಳಲಿಲ್ಲ. ಒಂದೇ ಒಂದು ಕಾಗದ ಬೇಕು ಅಷ್ಟೇ. ಇದುವರೆಗೆ ಭಾರತದಲ್ಲಿ ಎಷ್ಟು ವರ್ಷದಿಂದ ಆರೋಗ್ಯ ವಿಮೆ ಇತ್ತು ಎಂಬುದಕ್ಕೆ ನಮ್ಮ ವಿಮಾ ಕಂಪನಿಯ ಪತ್ರ.

ನಾನು ಎದೆ ಉಬ್ಬಿಸಿದೆ. ಅದು ನನ್ನದೇ ಕಚೇರಿ. ಪಾಲಿಸಿ 1992ರಿಂದ ಒಂದು ದಿನ ತಪ್ಪದೆ ನಡೆದುಬಂದಿದೆ. ಹೋಗಿ ಹಳೆಯ ಕುರ್ಚಿಗಳನ್ನೆಲ್ಲ ಒಮ್ಮೆ ಮಾತಾಡಿಸಿ, ಅರ್ಧ ಗಂಟೆಯಲ್ಲಿ ಪತ್ರ ತಂದೆ. ಕಾಫಿ ಕುಡಿಯುತ್ತಾ ಇವಳು ಓದಿ, "ರೀ, ಇದರಲ್ಲಿ ಎಚ್ ಇಲ್ಲ" ಅಂದಳು.

ತೆಂಕಣದವರು ನಾವು ಇಂಗ್ಲಿಷಿನಲ್ಲಿ ಬರೆಯುವಾಗ ತಕಾರಕ್ಕೆಲ್ಲ ಒಂದು ಎಚ್ ಅಂಟಿಸುತ್ತೇವೆ. ಮೂರ್ತಿಯಲ್ಲಿ ಎಚ್, ಲಲಿತಳಲ್ಲಿ ಎಚ್. ಯೌವನದಲ್ಲಿ ನನಗೆ ಈ ವಿಷಯದಲ್ಲಿ ಒಂದು ಸಿದ್ಧಾಂತವಿತ್ತು. ಕನ್ನಡದಲ್ಲಿ ಅದು ಅಲ್ಪಪ್ರಾಣ, ಅದಕ್ಕೆ ಮಹಾಪ್ರಾಣದ ಬಾಲ ಯಾಕೆ? ಹೊರನಾಡಿನಲ್ಲಿದ್ದುಕೊಂಡು ಕನ್ನಡಕ್ಕಾಗಿ ನಾನು ಮಾಡಿದ ಏಕೈಕ ಹೋರಾಟವೆಂದರೆ 1992ರಲ್ಲಿ ನಮ್ಮ ಪಾಲಿಸಿ ಅರ್ಜಿ ತುಂಬುವಾಗ ಇಬ್ಬರ ಹೆಸರಿನಿಂದಲೂ ಎಚ್ ಕಿತ್ತುಹಾಕಿದ್ದು. ಅರ್ಜಿ ತುಂಬಿದವನು ನಾನು, ಪರಿಶೀಲಿಸಿದವನು ನಾನು, ಸರಿಯಿದೆ ಎಂದು ಸಹಿ ಹಾಕಿದವನೂ ನಾನು. ಮಿಕ್ಕೆಲ್ಲ ದಾಖಲೆಯಲ್ಲೂ ಎಚ್ ಇದೆ.

ಮರುದಿನ ತಿದ್ದುಪಡಿ ಅರ್ಜಿ, ಐದು ಹೆಸರಿನ ಪ್ರಮಾಣಪತ್ರ, ಪಾಸ್‌ಪೋರ್ಟ್ ನಕಲು ಎಲ್ಲ ಪೋಣಿಸಿಕೊಂಡು ಮತ್ತೆ ಹೋದೆ. ಈ ಸಲ ನೇರವಾಗಿ ಕೌಂಟರಿಗೆ. ಅಲ್ಲಿದ್ದದ್ದು ಹೊಸದಾಗಿ ಸೇರಿದ ಹುಡುಗಿ, ನನ್ನ ಗುರುತು ಅವಳಿಗಿಲ್ಲ. ಹಾಳೆಗಳನ್ನು ಒಂದೊಂದಾಗಿ ತಿರುವಿದಳು. ತಿರುವುವ ರೀತಿ ನೋಡಿ ಒಳ್ಳೆಯ ಕೆಲಸಗಾತಿ ಅನ್ನಿಸಿತು. ಆಮೇಲೆ ಡ್ರಾಯರಿನಿಂದ ಒಂದು ಚೀಟಿ ತೆಗೆದಳು. ಈಗ ಕಂಪ್ಯೂಟರಿನಲ್ಲಿ ಅಚ್ಚಾದದ್ದು, ಮೇಲೆ ಲಾಂಛನ ಬಂದಿದೆ, ಆದರೆ ಸಾಲುಗಳು ಹದಿನೇಳೇ. ಆರನೆಯ ಸಾಲಿನಲ್ಲಿ ಅವತ್ತು ನಾನು ಮಾಡಿದ್ದ ಕಾಗುಣಿತದ ತಪ್ಪು ಹಾಗೇ ಇದೆ.

"ಸಾರ್, ಕೊಂಜಂ ವೇಟ್ ಪಣ್ಣುಂಗ" ಎಂದು ಮೊದಲ ಸಾಲಿನಿಂದ ಪೆನ್ನು ಇಳಿಸುತ್ತಾ ಬಂದಳು. ಒಂದೊಂದು ಸಾಲು ದಾಟಿದಾಗಲೂ ನನಗೆ ಉಸಿರು ಬರುತ್ತಿತ್ತು. ಹದಿನಾರೂ ದಾಟಿತು. ನಾನು ಒಂದೂ ಬಿಟ್ಟಿರಲಿಲ್ಲ ಮತ್ತೆ. ಹದಿನೇಳರ ಮುಂದೆ ಟಿಕ್ ಹಾಕಿ, ನಗುತ್ತಾ ಚೀಟಿಯನ್ನು ನನ್ನ ಕಡೆ ತಳ್ಳಿದಳು.

"ಇತರೆ ಅಂದ್ರೆ ಏನಮ್ಮ?" ತಮಿಳಿನಲ್ಲೇ ಕೇಳಿದೆ.

"ಅದು ಗೊತ್ತಿಲ್ಲ ಸಾರ್. ಮೊದಲು ಎಲ್ಲದರದೂ ಇನ್ನೆರಡು ಸೆಟ್ ಜೆರಾಕ್ಸ್ ತನ್ನಿ, ನೋಡೋಣ."

ಬೀದಿ ದಾಟಿ ಜೆರಾಕ್ಸ್ ಅಂಗಡಿಗೆ ಹೋದೆ. ಅವನು ನನ್ನನ್ನು ಕಂಡ ಕೂಡಲೇ ಕೈಲಿದ್ದ ಕಾಲೇಜು ಹುಡುಗನ ನೋಟ್ಸನ್ನು ಪಕ್ಕಕ್ಕಿಟ್ಟ.

"ವಾಂಗ ಜರ್ಮನಿ ಸಾರ್. ಇನ್ನುಂ ಪೋಗಲಿಯಾ?"

"ಎರಡು ಸೆಟ್" ಅಂದೆ. "ಹಿಂದೆ ಮುಂದೆ ಎರಡೂ ಕಡೆ."